ಬಾಡಿದ ಹೂವು ಕಿತ್ತಷ್ಟೂ ಅರಳೋ ಪೆಟೂನಿಯಾ

ಪೆಟೂನಿಯಾ ಬಗ್ಗೆ ಯಾರು ಮಾತು ತೆಗೆದ್ರೂ ಹೆಚ್ಚುಕಮ್ಮಿ ಒಂದೇ ದೂರು ಕೇಳ್ಸತ್ತೆ. ತಂದಾಗ ಕುಂಡದ ತುಂಬ ಹೂವಿತ್ತು, ಎಲೆನೇ ಕಾಣ್ತಿರ್ಲಿಲ್ಲ, ಒಂದೂವರೆ ತಿಂಗಳು ಕಳೆಯೋಷ್ಟರಲ್ಲಿ ಕಡ್ಡಿ ಕಡ್ಡಿಯಾಗಿ ಉದ್ದಕ್ಕೆ ಎಳ್ಕೊಂಡು, ಬುಡ ಬೋಳಾಗಿ, ತುದಿಯಲ್ಲಿ ಒಂದೋ ಎರಡೋ ಹೂವು ಉಳ್ಕೊಂಡಿದೆ, ನೀರು ಹಾಕ್ತಾನೇ ಇದೀವಿ, ಗೊಬ್ಬರಾನೂ ಕೊಟ್ಟಾಯ್ತು, ಇನ್ನೇನು ಮಾಡ್ಬೇಕು ಅಂತ. ಹೀಗೆ ಕೇಳಿದೋರಿಗೆ ನಾನು ವಾಪಸ್ ಕೇಳೋದು, ಕತ್ತರಿ ಆಡಿಸಿದೀರಾ ಅಂತ. ಮುಕ್ಕಾಲು ಜನ ಇಲ್ಲ ಅಂತಾರೆ. ಹೂವಿರೋ ಗಿಡಕ್ಕೆ ಕತ್ತರಿ ಹಾಕೋಕೆ ಮನಸ್ಸು ಬರಲ್ಲ, ಅದು ಅರ್ಥ ಆಗತ್ತೆ. ಆದ್ರೂ ಇಷ್ಟು ಸಲ ಬೆಳೆಸಿದ್ಮೇಲೆ ನನಗೆ ಗಟ್ಟಿಯಾಗಿ ಅನ್ಸಿರೋದು ಏನಂದ್ರೆ ಪೆಟೂನಿಯಾ ಸಾಕೋದ್ರಲ್ಲಿ ನೀರು ಗೊಬ್ಬರ ಎಲ್ಲ ಆಮೇಲಿನ ಮಾತು, ಚಿವುಟೋದು, ಕೀಳೋದು, ಕತ್ತರಿಸೋದು ಇದೇ ಅದರ ನಿಜವಾದ ಆರೈಕೆ. ಈ ಬರಹ ಪೂರ್ತಿ ಅದರ ಬಗ್ಗೆನೇ.

ಬಾಡಿದ ಹೂವು ಕೀಳೋದ್ರಲ್ಲೇ ಒಂದು ಸೂಕ್ಷ್ಮ ಇದೆ, ಅದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಪೆಟೂನಿಯಾ ಹೂವಿನ ಎಸಳುಗಳೆಲ್ಲ ಒಂದಕ್ಕೊಂದು ಕೂಡ್ಕೊಂಡು ಕಹಳೆಯ ಆಕಾರ ಬಂದಿರತ್ತೆ. ಬಾಡಿದ್ಮೇಲೆ ಅದು ಮೆತ್ತಗಾಗಿ ಜೋತುಬಿದ್ದಿರತ್ತೆ, ಎರಡು ಬೆರಳಲ್ಲಿ ಹಿಡಿದು ಎಳೆದ್ರೆ ಇಡೀ ಹೂವು ಒಂದೇ ಸಲಕ್ಕೆ ಜಾರಿ ಕೈಗೆ ಬಂದ್ಬಿಡತ್ತೆ. ಗಿಡ ನೋಡೋಕೆ ಕ್ಲೀನಾಗಿ ಕಾಣತ್ತೆ, ಕೆಲಸ ಮುಗೀತು ಅನ್ಸತ್ತೆ. ಈಗ ಹೂವು ಬಿಟ್ಟುಹೋದ ಜಾಗ ನೋಡಿ. ಐದು ಸಣ್ಣ ಹಸಿರು ಪುಷ್ಪಪತ್ರಗಳು ಬಿಚ್ಚಿದ ಬೆರಳುಗಳ ಹಾಗೆ ನಿಂತಿರತ್ವೆ, ಅವುಗಳ ನಡುವೆ ಚೂಪಾದ ಮೊನೆಯ ಒಂದು ಹಸಿರು ಗುಬುಟು, ಗೋಧಿ ಕಾಳಿಗಿಂತ ಸ್ವಲ್ಪ ಚಿಕ್ಕದು. ಅದೇ ಅಂಡಾಶಯ. ನೀವು ಎಸಳು ಮಾತ್ರ ಎಳೆದು ಅದನ್ನ ಅಲ್ಲೇ ಬಿಟ್ರೆ ಗಿಡದ ಲೆಕ್ಕದಲ್ಲಿ ಏನೂ ಆಗಿಲ್ಲ, ಆ ಗುಬುಟು ದಿನದಿಂದ ದಿನಕ್ಕೆ ದಪ್ಪ ಆಗ್ತಾ ಹೋಗಿ, ಆಮೇಲೆ ಒಣಹುಲ್ಲಿನ ಬಣ್ಣಕ್ಕೆ ತಿರುಗಿ, ತುದಿಯಲ್ಲಿ ಬಿರಿದು, ಒಳಗಿಂದ ನಶ್ಯದ ಪುಡಿಯಷ್ಟು ಸಣ್ಣ ಕಂದು ಬೀಜ ಉದುರಿಸತ್ತೆ. ಹಾಗಾಗಿ ಕೀಳೋದಾದ್ರೆ ಎಸಳು ಬಿಟ್ಟು ಅದರ ಕೆಳಗಿನ ತೊಟ್ಟಿಗೆ ಕೈ ಹಾಕ್ಬೇಕು. ಹೂವಿನ ತೊಟ್ಟು ಕಾಂಡಕ್ಕೆ ಸೇರೋ ಕಡೆ ಉಗುರಲ್ಲಿ ಒತ್ತಿದ್ರೆ ಟಪ್ ಅಂತ ಮುರಿಯತ್ತೆ, ಕತ್ತರಿ ಕೂಡ ಬೇಕಾಗಲ್ಲ.

ಇಷ್ಟು ಯಾಕೆ ಹೇಳ್ತಿದೀನಿ ಅಂದ್ರೆ, ಗಿಡಕ್ಕೆ ಹೂವು ಅನ್ನೋದು ದಾರಿ ಅಷ್ಟೇ, ಅದಕ್ಕೆ ಬೇಕಿರೋದು ಬೀಜ. ಬೀಜ ಕಟ್ಟೋಕೆ ಶುರು ಆದ್ಮೇಲೆ ತಯಾರಾದ ಸಕ್ಕರೆ, ಸಾರ ಎಲ್ಲ ಆ ಕಾಯಿಗಳ ಕಡೆ ಹರಿಯತ್ತೆ, ಹೊಸ ಮೊಗ್ಗಿಗೆ ಉಳಿಯೋದು ಕಮ್ಮಿ. ಪರಾಗಸ್ಪರ್ಶ ಆದ ಹೂವು ಬೇಗ ಬಾಡೋದೂ ಇದೇ ಕಾರಣಕ್ಕೆ. ಪರಾಗ ಬಿದ್ದ ಹೂವಲ್ಲಿ ಎಥಿಲೀನ್ ಅನ್ನೋ ಅನಿಲ ಹೆಚ್ಚಾಗಿ ಉತ್ಪತ್ತಿಯಾಗಿ ಎರಡು ಮೂರು ದಿನಕ್ಕೇ ಎಸಳು ಮುದುಡಿ ಹೋಗತ್ತೆ, ಪರಾಗ ಬೀಳದೇ ಇದ್ದ ಹೂವು ಅದೇ ಗಿಡದಲ್ಲಿ ಒಂದು ವಾರ, ಕೆಲವು ಸಲ ಅದಕ್ಕಿಂತ ಜಾಸ್ತಿನೂ ನಿಲ್ಲತ್ತೆ. ಒಂದೇ ದಿನ ಅರಳಿದ ಎರಡು ಹೂವಲ್ಲಿ ಒಂದು ಬಾಡಿ ಇನ್ನೊಂದು ನಗ್ತಾ ಇರೋದನ್ನ ನೀವೂ ನೋಡಿರ್ತೀರಿ, ಜೇನ್ನೊಣ ಎಲ್ಲಿಗೆ ಬಂದು ಹೋಗಿದೆ ಅನ್ನೋದಕ್ಕೆ ಅದೊಂದು ಗುರುತು. ನಾವು ಕಾಯಿ ಕಿತ್ತಾಗ ಗಿಡಕ್ಕೆ ಇನ್ನೂ ಬೀಜ ಸಿಕ್ಕಿಲ್ಲ, ಅದಕ್ಕೇ ಮತ್ತೆ ಹೂವು ಬಿಡತ್ತೆ, ಮತ್ತೆ ಕೀಳ್ತೀವಿ, ಮತ್ತೆ ಬಿಡತ್ತೆ. ಯೋಚನೆ ಮಾಡಿದ್ರೆ ಕುಂಡದ ತುಂಬ ಇರೋ ಆ ಹೂವೆಲ್ಲ ಗಿಡದ ಈಡೇರದ ಆಸೆ. ಇದು ನನ್ನ ಮನಸ್ಸಲ್ಲಿ ಯಾವಾಗ್ಲೂ ಇರತ್ತೆ, ಯಾಕಂತ ಆಮೇಲೆ ಹೇಳ್ತೀನಿ.

ಕೀಳೋ ಕೆಲಸ ಮಾಡಿದೋರಿಗೆ ಕೈಗೆ ಅಂಟೋ ಆ ಜಿಗುಟು ಗೊತ್ತಿರತ್ತೆ. ಎಲೆ, ಕಾಂಡ, ತೊಟ್ಟು ಎಲ್ಲದರ ಮೇಲೂ ಸಣ್ಣ ಸಣ್ಣ ರೋಮ ಇದೆ, ತುದಿಯಲ್ಲಿ ಅಂಟು ಸುರಿಸೋ ಗ್ರಂಥಿ. ಭೂತಗನ್ನಡಿ ಹಿಡಿದು ನೋಡಿದ್ರೆ ಒಂದೊಂದು ರೋಮದ ತಲೆ ಮೇಲೂ ಮಿನುಗೋ ಹನಿ ಕಾಣತ್ತೆ, ಅದಕ್ಕೆ ಸಿಕ್ಕಿಹಾಕ್ಕೊಂಡ ಪುಟಾಣಿ ನುಸಿಗಳೂ ಕಾಣತ್ವೆ. ಗಿಡದ ರಕ್ಷಣೆ ಅದು. ಟೊಮೇಟೊ ಗಿಡ ಮುಟ್ಟಿದಾಗ ಬರೋ ಅಂಟು, ವಾಸನೆ ನೆನಪಿಸ್ಕೊಳ್ಳಿ, ಪೆಟೂನಿಯಾದು ಅದೇ ಕುಟುಂಬ. ಬದನೆ, ಮೆಣಸಿನಕಾಯಿ, ಆಲೂಗಡ್ಡೆ, ಹೊಗೆಸೊಪ್ಪು ಎಲ್ಲ ದಾಯಾದಿಗಳು. ಈ ಸಂಬಂಧ ಸುಮ್ನೆ ತಿಳ್ಕೊಳ್ಳೋ ವಿಷಯ ಅಷ್ಟೇ ಆಗಿ ಉಳಿಯಲ್ಲ, ಈ ಕುಟುಂಬದ ರೋಗಗಳೂ ಒಂದರಿಂದ ಒಂದಕ್ಕೆ ದಾಟತ್ವೆ. ಟೊಬ್ಯಾಕೊ ಮೊಸಾಯಿಕ್ ವೈರಸ್ ಇದ್ಯಲ್ಲ, ಅದು ಕೈಯಿಂದ, ಕತ್ತರಿಯಿಂದ ಹರಡತ್ತೆ, ಸಿಗರೇಟು ಬೀಡಿ ಮುಟ್ಟಿದ ಕೈಯಿಂದಲೂ ಬರಬಹುದು. ಬಂದ್ಮೇಲೆ ಔಷಧಿ ಇಲ್ಲ, ಎಲೆ ತಿಳಿಹಸಿರು ಕಡುಹಸಿರು ಮಚ್ಚೆಯಾಗಿ ಸುಕ್ಕುಗಟ್ಟಿದ್ರೆ ಆ ಗಿಡ ಕಿತ್ತು ಆಚೆ ಹಾಕೋದೊಂದೇ ದಾರಿ. ಅದಕ್ಕೇ ಕೀಳೋಕೆ ಮುಂಚೆ ಸೋಪು ಹಾಕಿ ಕೈ ತೊಳ್ಕೊಳ್ಳಿ.

ಬೀಜದಿಂದ ಬೆಳೆಸೋದು ಬೇರೆನೇ ಒಂದು ಸುಖ, ಮತ್ತೆ ತಾಳ್ಮೆ ಬೇಡೋ ಕೆಲಸ. ಒಂದು ಗ್ರಾಂ ತೂಕಕ್ಕೆ ಸುಮಾರು 10,000 ಬೀಜ ಬರತ್ತೆ ಅಂದ್ರೆ ಅದೆಷ್ಟು ಸಣ್ಣದು ಅಂತ ಊಹೆ ಮಾಡಿ. ಇಷ್ಟು ಸಣ್ಣ ಬೀಜದಲ್ಲಿ ದಾಸ್ತಾನು ಅಂತ ಏನೂ ಇರಲ್ಲ, ಮೊಳಕೆ ಬಂದ ತಕ್ಷಣ ಬೆಳಕು ಬೇಕು. ಅದಕ್ಕೇ ಪೆಟೂನಿಯಾ ಬೀಜದ ಮೇಲೆ ಮಣ್ಣು ಮುಚ್ಚಬಾರದು. ಒದ್ದೆ ಮಾಡಿದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮೇಲೆ ಹಾಗೇ ಉದುರಿಸಿ ಮೆಲ್ಲಗೆ ಒತ್ತಿದ್ರೆ ಸಾಕು. ಸ್ವಲ್ಪ ಒಣಗಿದ ನುಣ್ಣನೆ ಮರಳಿನ ಜೊತೆ ಬೆರೆಸಿ ಉದುರಿಸಿದ್ರೆ ಒಂದೇ ಕಡೆ ಗುಡ್ಡೆ ಬೀಳಲ್ಲ. ಈಗೀಗ ಮಣ್ಣಿನ ಲೇಪನ ಕೊಟ್ಟು ಗುಂಡಗೆ ಮಾಡಿದ ಪೆಲೆಟ್ ಬೀಜ ಸಿಗತ್ತೆ, ಅದನ್ನ ಒಂದೊಂದಾಗಿ ಇಡಬಹುದು, ಆದ್ರೆ ಆ ಲೇಪನ ಪೂರ್ತಿ ಕರಗೋವರೆಗೂ ಚೆನ್ನಾಗಿ ಒದ್ದೆ ಇರ್ಬೇಕು, ಅರ್ಧ ನೆನೆದು ಒಣಗಿದ್ರೆ ಒಳಗಿನ ಬೀಜ ಅಲ್ಲೇ ಸಿಕ್ಕಿಹಾಕ್ಕೊಳ್ಳತ್ತೆ.

ತಾಪಮಾನ 22ರಿಂದ 25 ಡಿಗ್ರಿ ಸೆಲ್ಸಿಯಸ್ ಇದ್ರೆ ಒಂದು ವಾರ ಹತ್ತು ದಿನದಲ್ಲಿ ಹಸಿರು ಚುಕ್ಕಿಗಳು ಕಾಣೋಕೆ ಶುರು. ಚುಕ್ಕಿ ಅಂದ್ರೆ ನಿಜಕ್ಕೂ ಚುಕ್ಕಿನೇ, ಓರೆಯಾಗಿ ಬೆಳಕಿಗೆ ಹಿಡಿದು ನೋಡಿದ್ರೆ ಮಾತ್ರ ಎರಡು ಬೀಜದೆಲೆ ಗೊತ್ತಾಗತ್ತೆ. ಈ ಹಂತದಲ್ಲಿ ಮೇಲಿಂದ ನೀರು ಹಾಕೋ ಹಾಗಿಲ್ಲ, ಒಂದು ಹನಿ ಬಿದ್ರೂ ಸಸಿ ಮಲ್ಕೊಳ್ಳತ್ತೆ. ಟ್ರೇನ ನೀರಿರೋ ತಟ್ಟೆಯಲ್ಲಿ ಇಟ್ಟು ಕೆಳಗಿಂದ ಹೀರ್ಕೊಳ್ಳೋಕೆ ಬಿಡಬೇಕು, ಮೇಲ್ಭಾಗ ಒದ್ದೆ ಕಂಡ ತಕ್ಷಣ ತೆಗೆದ್ಬಿಡಬೇಕು. ಮೊಳಕೆ ಬರೋವರೆಗೂ ಪ್ಲಾಸ್ಟಿಕ್ ಮುಚ್ಚಿಟ್ಟಿದ್ರೆ ಬಂದ್ಮೇಲೆ ಅದನ್ನ ತೆಗೀಲೇಬೇಕು, ಗಾಳಿ ಆಡದೇ ಹೋದ್ರೆ ಬುಡ ಕೊಳೆತು ರಾತ್ರೋರಾತ್ರಿ ಸಾಲು ಸಾಲು ಸಸಿ ಬಿದ್ದು ಹೋಗತ್ವೆ. ಮೊದಲ ಕೆಲವು ವಾರ ಬೆಳವಣಿಗೆ ಎಷ್ಟು ನಿಧಾನ ಅಂದ್ರೆ ಇದು ಬೆಳೀತಾನೇ ಇಲ್ವೇನೋ ಅನ್ಸತ್ತೆ, ಕೆಳಗಡೆ ಬೇರು ಕಟ್ತಾ ಇರತ್ತೆ, ಸುಮ್ನೆ ಇರಿ. ಬಿತ್ತನೆಯಿಂದ ದೊಡ್ಡ ಕುಂಡಕ್ಕೆ ಬರೋ ಹೊತ್ತಿಗೆ 10ರಿಂದ 12 ವಾರ ಹಿಡಿಯತ್ತೆ. ಕೈಯಲ್ಲಿ ಅಷ್ಟು ಸಮಯ ಇಲ್ಲ ಅನ್ನೋರು ನರ್ಸರಿಯಿಂದ ಸಸಿ ತರೋದೇ ಒಳ್ಳೇದು. ತರುವಾಗ ಹೂವು ತುಂಬಿರೋದಕ್ಕೆ ಮರುಳಾಗ್ಬೇಡಿ, ಕುಳ್ಳಗೆ, ಕವಲು ಜಾಸ್ತಿ ಇರೋ, ಮೊಗ್ಗು ಇನ್ನೂ ಹಸಿರಾಗಿರೋ ಸಸಿ ಆರಿಸ್ಕೊಳ್ಳಿ.

ಸಸಿ ಒಂದು ಗೇಣು ಆಗೋದಕ್ಕೂ ಮುಂಚೆ, ಐದಾರು ಎಲೆ ಬಂದಾಗ, ತುದಿ ಕುಡಿ ಚಿವುಟಬೇಕು. ಮೊದಲನೇ ಕತ್ತರಿ ಇದು, ಇದನ್ನ ತಪ್ಪಿಸಿದ್ರೆ ಮುಂದಿನದೆಲ್ಲ ಕಷ್ಟ. ಕುಡಿಯಲ್ಲಿ ತಯಾರಾಗೋ ಆಕ್ಸಿನ್ ಅನ್ನೋ ಹಾರ್ಮೋನು ಕೆಳಗೆ ಇಳಿದು, ಎಲೆಗೂ ಕಾಂಡಕ್ಕೂ ನಡುವಿನ ಕಂಕುಳಲ್ಲಿ ಮಲಗಿರೋ ಮೊಗ್ಗುಗಳನ್ನ ಏಳೋಕೆ ಬಿಡಲ್ಲ. ಕುಡಿ ಹೋದ ಮೇಲೆ ಆ ತಡೆ ಹೋಗತ್ತೆ, ಒಂದರ ಜಾಗದಲ್ಲಿ ಎರಡು ಮೂರು ಕವಲು ಹೊರಡತ್ವೆ, ಅವು ಬೆಳೆದಾಗ ಅವುಗಳ ತುದಿನೂ ಇನ್ನೊಂದ್ಸಲ ಚಿವುಟಿದ್ರೆ ಗಿಡ ಪೊದೆ ಕಟ್ಟತ್ತೆ. ಹೂವು ಬರೋದು ಎರಡು ವಾರ ತಡ ಆಗತ್ತೆ, ನಿಜ. ಆ ಎರಡು ವಾರ ಕೊಟ್ಟವರಿಗೆ ಅದು ತಿಂಗಳುಗಟ್ಟಲೆ ವಾಪಸ್ ಕೊಡತ್ತೆ.

ಮಣ್ಣಿನ ವಿಷಯದಲ್ಲಿ ನೀರು ಬಸಿದು ಹೋಗ್ಬೇಕು ಅನ್ನೋದು ಎಲ್ಲರಿಗೂ ಗೊತ್ತು, ಕೋಕೋಪೀಟ್, ಎರೆಗೊಬ್ಬರ, ಸ್ವಲ್ಪ ಪರ್ಲೈಟ್ (ಮಣ್ಣು ಸಡಿಲ ಮಾಡೋ ಹಗುರವಾದ ಬಿಳಿ ಕಾಳು) ಅಥವಾ ದಪ್ಪ ಮರಳು, ಕುಂಡದ ತಳದಲ್ಲಿ ಸರಿಯಾದ ತೂತು, ಅಷ್ಟೇ. ಜನ ಗಮನ ಕೊಡದೇ ಇರೋದು ಪಿಎಚ್ ಕಡೆಗೆ, ಅಂದ್ರೆ ಮಣ್ಣಿನ ಹುಳಿ ಅಳೆಯೋ ಅಂಕಿ, ಅದು ಕಮ್ಮಿ ಇದ್ದಷ್ಟೂ ಹುಳಿ ಜಾಸ್ತಿ. ಪೆಟೂನಿಯಾಗೆ ಸ್ವಲ್ಪ ಹುಳಿ ಮಣ್ಣು ಬೇಕು, ಪಿಎಚ್ 5.5ರಿಂದ 6.2ರ ಒಳಗೆ ಇದ್ರೆ ಚೆನ್ನಾಗಿರತ್ತೆ. ಗಡಸು ನೀರು ಹಾಕ್ತಾ ಹಾಕ್ತಾ ಕುಂಡದ ಮಣ್ಣಿನ ಪಿಎಚ್ ಏರತ್ತೆ, ಆಗ ಮಣ್ಣಲ್ಲಿ ಕಬ್ಬಿಣ ಇದ್ರೂ ಬೇರಿಗೆ ಅದು ಸಿಗೋ ರೂಪದಲ್ಲಿ ಇರಲ್ಲ. ಮೊದಲು ಕಾಣೋದು ತುದಿಯ ಹೊಸ ಎಲೆಗಳಲ್ಲಿ, ನರಗಳು ಹಸಿರಾಗೇ ಇರತ್ವೆ, ನಡುವಿನ ಜಾಗ ಹಳದಿಗೆ ತಿರುಗತ್ತೆ, ಜಾಸ್ತಿ ಆದ್ರೆ ಹೆಚ್ಚುಕಮ್ಮಿ ಬಿಳಿ. ಇದನ್ನ ನೋಡಿ ಗೊಬ್ಬರ ಸಾಲ್ತಿಲ್ಲ ಅಂತ ಇನ್ನಷ್ಟು ಸುರಿಯೋರು ಬಹಳ ಜನ. ಸಾರಜನಕ ಕಮ್ಮಿ ಆದ್ರೆ ಹಳದಿ ಆಗೋದು ಕೆಳಗಿನ ಹಳೇ ಎಲೆ, ಕಬ್ಬಿಣ ಕಮ್ಮಿ ಆದ್ರೆ ಮೇಲಿನ ಹೊಸ ಎಲೆ, ಈ ಒಂದು ವ್ಯತ್ಯಾಸ ಕಣ್ಣಿಗೆ ಹತ್ತಿದ್ರೆ ಅರ್ಧ ಸಮಸ್ಯೆ ಬಗೆಹರಿದ ಹಾಗೆ. ಚಿಲೇಟೆಡ್ ಐರನ್ ಅಂತ, ಬೇರು ಸುಲಭವಾಗಿ ಹೀರೋ ರೂಪದ ಕಬ್ಬಿಣದ ಪುಡಿ ಸಿಗತ್ತೆ, ಪೊಟ್ಟಣದ ಮೇಲೆ ಬರೆದಿರೋ ಪ್ರಮಾಣದಲ್ಲಿ ನೀರಿಗೆ ಬೆರೆಸಿ ಬುಡಕ್ಕೆ ಹಾಕಿದ್ರೆ ಮುಂದೆ ಬರೋ ಎಲೆ ಹಸಿರಾಗಿ ಬರತ್ತೆ. ಸಾಧ್ಯ ಇದ್ರೆ ಮಳೆನೀರು ಹಿಡಿದಿಟ್ಟು ಹಾಕಿ, ಅದಕ್ಕಿಂತ ಒಳ್ಳೇದು ಇನ್ನೊಂದಿಲ್ಲ.

ನೀರಿನ ಬಗ್ಗೆ ಜಾಸ್ತಿ ಹೇಳೋದೇನಿಲ್ಲ. ಬೆಳಗ್ಗೆ ಹೊತ್ತು ಬುಡಕ್ಕೆ ಹಾಕಿ, ಹೂವಿನ ಮೇಲೆ ಹಾಕ್ಬೇಡಿ, ಕುಂಡ ಎತ್ತಿ ನೋಡಿ ಹಗುರ ಅನ್ಸಿದ್ರೆ ಮಾತ್ರ ಹಾಕಿ. ತೂಗುಕುಂಡ ಬಿಸಿಲು ಗಾಳಿ ಎರಡಕ್ಕೂ ಬೇಗ ಒಣಗತ್ತೆ, ಅದಕ್ಕೆ ದಿನಾ ಬೇಕಾಗಬಹುದು. ಬಿಸಿಲು ದಿನಕ್ಕೆ ಕನಿಷ್ಠ ಐದಾರು ಗಂಟೆ, ನೆರಳಲ್ಲಿ ಎಲೆ ಬರತ್ತೆ, ಹೂವು ಬರಲ್ಲ.

ಗೊಬ್ಬರ ಮಾತ್ರ ಇದಕ್ಕೆ ಬೇರೆ ಹೂಗಿಡಕ್ಕಿಂತ ಜಾಸ್ತಿ ಬೇಕು. ನಾವು ಬಿಡದೇ ಕೀಳ್ತೀವಿ, ಅದು ಬಿಡದೇ ಮತ್ತೆ ಕಟ್ಟಬೇಕು, ಅದೂ ಕುಂಡದಲ್ಲಿರೋ ಅಷ್ಟೇ ಅಷ್ಟು ಮಣ್ಣಲ್ಲಿ. ನೀರಲ್ಲಿ ಕರಗೋ 19:19:19 ಥರದ, ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮ ಇರೋ ಗೊಬ್ಬರ ಅರ್ಧ ಪ್ರಮಾಣದಲ್ಲಿ ವಾರಕ್ಕೋ ಹತ್ತು ದಿನಕ್ಕೋ ಒಂದ್ಸಲ ಕೊಡೋದು ನನ್ನ ಪದ್ಧತಿ. ಬರೀ ಸಾರಜನಕ ಇರೋದನ್ನ ಸುರಿದ್ರೆ ಎಲೆ ದಷ್ಟಪುಷ್ಟ ಆಗತ್ತೆ, ಗಿಡದ ಹೇನು ಬರತ್ತೆ, ಹೂವು ಹಿಂದೆ ಬೀಳತ್ತೆ. ಒಣಗಿದ ಮಣ್ಣಿಗೆ ಗೊಬ್ಬರದ ನೀರು ಹಾಕ್ಬೇಡಿ, ಮೊದಲು ಬರೀ ನೀರು, ಆಮೇಲೆ ಗೊಬ್ಬರ, ಇಲ್ದಿದ್ರೆ ಬೇರು ಸುಡತ್ತೆ.

ಯಾವ ಥರದ ಪೆಟೂನಿಯಾ ಅನ್ನೋದರ ಮೇಲೂ ಕೆಲಸ ಬದಲಾಗತ್ತೆ. ಗ್ರಾಂಡಿಫ್ಲೋರಾ ಅಂತ ಒಂದು ಗುಂಪು, ಅಂಗೈ ಅಗಲದ ಹೂವು, ನೋಡೋಕೆ ಭಾರೀ ಚಂದ, ಆದ್ರೆ ಒಂದು ಜೋರು ಮಳೆ ಬಂದ್ರೆ ಎಲ್ಲ ಒದ್ದೆಯಾಗಿ ಎಲೆಗೆ ಅಂಟ್ಕೊಂಡು ಬೂದು ಬೂಷ್ಟು ಹಿಡಿಯತ್ತೆ. ಮಲ್ಟಿಫ್ಲೋರಾ ಹೂವು ಚಿಕ್ಕದು, ಸುಮಾರು ಐದು ಸೆಂಟಿಮೀಟರ್, ಸಂಖ್ಯೆ ಜಾಸ್ತಿ, ಮಳೆ ಬಂದು ಹೋದ್ಮೇಲೂ ಬೇಗ ಚೇತರಿಸ್ಕೊಳ್ಳತ್ತೆ. ಡಬಲ್ ಪೆಟೂನಿಯಾದಲ್ಲಿ ಎಸಳಿನ ಮೇಲೆ ಎಸಳು, ಅದು ಮಳೆನೀರನ್ನ ಹಿಡಿದಿಟ್ಕೊಂಡು ಭಾರಕ್ಕೆ ಬಾಗತ್ತೆ, ಅದನ್ನ ಸೂರಿನ ಕೆಳಗೇ ಇಡಬೇಕು. ನನಗೆ ಕೇಳಿದ್ರೆ ಮಲ್ಟಿಫ್ಲೋರಾನೇ ಮೊದಲ ಆಯ್ಕೆ. ಆಮೇಲೆ ಹರಡೋ ಜಾತಿ, ಅಮೆರಿಕದಲ್ಲಿ ಹೊಸ ತಳಿಗಳಿಗೆ ಕೊಡೋ ಆಲ್ ಅಮೇರಿಕಾ ಸೆಲೆಕ್ಷನ್ಸ್ ಪ್ರಶಸ್ತಿಯನ್ನ 1995ರಲ್ಲಿ ಪಡೆದ ಪರ್ಪಲ್ ವೇವ್, ಜಪಾನಿನ ಸನ್ಟೋರಿ ಕಂಪನಿ 1989ರಲ್ಲಿ ತಂದ ಸರ್ಫೀನಿಯಾ ಇವೆಲ್ಲ ಈ ಸಾಲಿಗೆ ಬರತ್ವೆ. ಇವುಗಳಲ್ಲಿ ಬಾಡಿದ ಹೂವು ಒಂದೊಂದಾಗಿ ಕೀಳೋ ಅಗತ್ಯ ಅಷ್ಟಿಲ್ಲ, ಉದ್ದಕ್ಕೂ ಹೊಸ ಹೂವು ಬಂದು ಹಳೇದನ್ನ ಮುಚ್ಚತ್ತೆ. ಅದರ ಬದಲು ಹಸಿವು ಜಾಸ್ತಿ, ಗೊಬ್ಬರ ತಪ್ಪಿಸೋ ಹಾಗಿಲ್ಲ. ದಿನಾ ಗಿಡದ ಹತ್ರ ನಿಲ್ಲೋಕೆ ಸಮಯ ಇಲ್ದೋರಿಗೆ ಇವೇ ಸರಿ.

ಇನ್ನು ದೊಡ್ಡ ಕತ್ತರಿ. ಎಷ್ಟೇ ಚೆನ್ನಾಗಿ ನೋಡ್ಕೊಂಡ್ರೂ ಒಂದು ಹಂತದಲ್ಲಿ ಕಾಂಡ ಉದ್ದ ಆಗತ್ತೆ, ನಡುಭಾಗ ಬೋಳಾಗತ್ತೆ. ಹಗಲು 30 ಡಿಗ್ರಿ ದಾಟಿ ರಾತ್ರಿನೂ ಸೆಕೆ ಇಳೀದೇ ಇದ್ರೆ ಇದು ಇನ್ನೂ ಬೇಗ. ಆಗ ಮೂರನೇ ಒಂದು ಭಾಗದಿಂದ ಅರ್ಧದವರೆಗೂ ಧೈರ್ಯವಾಗಿ ಕತ್ತರಿಸ್ಬೇಕು. ಎಲ್ಲಿ ಕತ್ತರಿಸೋದು ಅಂದ್ರೆ ಎಲೆ ಇರೋ ಗೆಣ್ಣಿನ ಸ್ವಲ್ಪ ಮೇಲೆ, ಅಲ್ಲಿಂದಲೇ ಕವಲು ಬರೋದು. ಒಂದೂ ಎಲೆ ಇಲ್ಲದ ಒಣ ಕಡ್ಡಿಯವರೆಗೂ ಇಳಿದ್ರೆ ಕೆಲವು ಕಾಂಡ ಚಿಗುರದೇ ಸಾಯತ್ವೆ, ಹಾಗಾಗಿ ಒಂದಷ್ಟು ಹಸಿರು ಉಳಿಸಿ. ಪೂರ್ತಿ ಗಿಡ ಒಟ್ಟಿಗೆ ಬೋಳಾಗೋದು ನೋಡೋಕಾಗಲ್ಲ ಅನ್ನೋರು ಈ ವಾರ ಮೂರ್ನಾಲ್ಕು ಉದ್ದ ಕಾಂಡ, ಮುಂದಿನ ವಾರ ಇನ್ನು ಮೂರ್ನಾಲ್ಕು, ಹೀಗೆ ಮಾಡಿ, ಕತ್ತರಿಸಿದ್ದು ಚಿಗುರಿ ಬರೋ ಹೊತ್ತಿಗೆ ಉಳಿದದ್ದು ಹೂವಲ್ಲಿರತ್ತೆ. ಕತ್ತರಿಸಿದ ಮೇಲೆ ನೀರು ಸ್ವಲ್ಪ ಕಮ್ಮಿ ಮಾಡಿ, ಎಲೆ ಕಮ್ಮಿ ಆಗಿರೋದ್ರಿಂದ ಹೀರೋದೂ ಕಮ್ಮಿ. ಹೊಸ ಚಿಗುರು ಕಂಡ್ಮೇಲೆ ಗೊಬ್ಬರ. ಎರಡು ಮೂರು ವಾರದಲ್ಲಿ ಅದೇ ಗಿಡನಾ ಅನ್ನೋ ಹಾಗೆ ತುಂಬ್ಕೊಳ್ಳತ್ತೆ.

ಗಿಡ ಚೆನ್ನಾಗೇ ಇದೆ, ಹೂವಲ್ಲಿ ಮಾತ್ರ ತೂತು, ಮೊಗ್ಗು ಅರಳದೇ ಉದುರ್ತಾ ಇದೆ ಅಂದ್ರೆ ಎಲೆಗಳ ಮೇಲೆ ಕಪ್ಪು ಹಿಕ್ಕೆ ಇದ್ಯಾ ನೋಡಿ, ಗಸಗಸೆಗಿಂತ ಸ್ವಲ್ಪ ದೊಡ್ಡ ಕಾಳು. ಇದ್ರೆ ಮೊಗ್ಗು ಕೊರೆಯೋ ಹುಳ ಬಂದಿದೆ. ಹಗಲಲ್ಲಿ ಎಷ್ಟು ಹುಡುಕಿದ್ರೂ ಸಿಗದೇ ಇರಬಹುದು, ಸಂಜೆ ಕತ್ತಲಾಗೋ ಹೊತ್ತಿಗೆ ಟಾರ್ಚ್ ಹಿಡಿದು ಹೋದ್ರೆ ಕಾಂಡಕ್ಕೆ ಅಂಟ್ಕೊಂಡು ಕೂತಿರತ್ತೆ, ಗಿಡದ್ದೇ ಹಸಿರು ಬಣ್ಣ. ಕೆನ್ನೇರಳೆ ಹೂವು ತಿಂದ ಹುಳದ ಮೈಯಲ್ಲಿ ಕೆಲವು ಸಲ ಅದೇ ಬಣ್ಣದ ಛಾಯೆ ಬಂದಿರತ್ತೆ. ಕೈಯಲ್ಲಿ ಆರಿಸಿ ತೆಗೆಯೋದು ಎಲ್ಲಕ್ಕಿಂತ ಒಳ್ಳೇ ಉಪಾಯ. ಹುಳ ಸಾಯಿಸೋ ಬಿಟಿ ಅನ್ನೋ ಬ್ಯಾಕ್ಟೀರಿಯಾದ ಪುಡಿ ಸಿಂಪಡಿಸೋದಾದ್ರೆ ಹುಳ ಇನ್ನೂ ಎಳೇದಿರುವಾಗ್ಲೇ ಮಾಡ್ಬೇಕು, ಮೊಗ್ಗಿನ ಒಳಗೆ ಸೇರಿದ್ಮೇಲೆ ಅದರ ಹತ್ರ ಏನೂ ತಲುಪಲ್ಲ. ಹೇನು, ಬಿಳಿನೊಣಕ್ಕೆ ಬೇವಿನ ಎಣ್ಣೆ ಸಾಕು, ಬಿಸಿಲಿಳಿದ ಮೇಲೆ, ಎಲೆಯ ಹಿಂಬದಿಗೆ.

ಇಷ್ಟೆಲ್ಲ ಕೀಳ್ತಾ ಕತ್ತರಿಸ್ತಾ ಇರೋ ಗಿಡ ಎಲ್ಲಿಂದ ಬಂತು ಅಂತ ಓದೋಕೆ ಶುರು ಮಾಡಿದ್ಮೇಲೆ ನನಗೆ ಇದರ ಮೇಲಿನ ಪ್ರೀತಿ ಇನ್ನೂ ಜಾಸ್ತಿ ಆಯ್ತು. ನಮ್ಮ ಕುಂಡಗಳಲ್ಲಿರೋದು ಕಾಡಲ್ಲಿ ಎಲ್ಲೂ ಇಲ್ಲದ ಗಿಡ, ದಕ್ಷಿಣ ಅಮೆರಿಕದ ಎರಡು ಕಾಡು ಜಾತಿಗಳನ್ನ ಕೂಡಿಸಿ ತೋಟಗಾರರು ಮಾಡಿದ್ದು. ಒಂದು ಬಿಳಿ, ಪೆಟೂನಿಯಾ ಆಕ್ಸಿಲ್ಲಾರಿಸ್, ರಾತ್ರಿ ಹೊತ್ತು ಗಮಗಮ ಅನ್ನತ್ತೆ, ಉದ್ದ ಸೊಂಡಿಲಿನ ಹಾಕ್ ಪತಂಗ ಅದನ್ನ ಹುಡ್ಕೊಂಡು ಬರತ್ತೆ. ಇನ್ನೊಂದು ಚಿಕ್ಕ ನೇರಳೆ ಹೂವಿಂದು, ಇಂಟಿಗ್ರಿಫೋಲಿಯಾ, ಅದಕ್ಕೆ ಹಗಲಲ್ಲಿ ಬರೋ ಜೇನ್ನೊಣಗಳೇ ಆಧಾರ, ವಾಸನೆ ಇಲ್ಲ ಅನ್ನಬಹುದು. ಈ ನೇರಳೆ ಹೂವಿನ ಗಿಡವನ್ನ ಜೇಮ್ಸ್ ಟ್ವೀಡಿ ಅನ್ನೋ ಸ್ಕಾಟ್ಲೆಂಡಿನ ತೋಟಗಾರ 1831ರಲ್ಲಿ ಬ್ಯೂನಸ್ ಐರಿಸ್‌ನಿಂದ ಗ್ಲಾಸ್ಗೋಗೆ ಕಳಿಸಿದ. ಅಲ್ಲಿಂದ ಕೆಲವೇ ವರ್ಷದಲ್ಲಿ ಎರಡನ್ನೂ ಕೂಡಿಸಿದ ಹೈಬ್ರಿಡ್‌ಗಳು ಬಂದ್ವು, ಆಮೇಲೆ ಬಂದ ಬಣ್ಣಗಳಿಗೆ ಲೆಕ್ಕ ಇಲ್ಲ. ರಾತ್ರಿಯ ಹೂವಿಗೂ ಹಗಲಿನ ಹೂವಿಗೂ ಹುಟ್ಟಿದ ಗಿಡ ಅನ್ನೋದು ಈಗ್ಲೂ ಗೊತ್ತಾಗತ್ತೆ. ಬಿಳಿ ಮತ್ತೆ ಕಡುನೇರಳೆ ಪೆಟೂನಿಯಾ ಹತ್ರ ಕತ್ತಲಾದ್ಮೇಲೆ ಹೋಗಿ ಮೂಸಿ ನೋಡಿ, ಮಧ್ಯಾಹ್ನ ಏನೂ ವಾಸನೆ ಇಲ್ಲದ ಹೂವು ಆಗ ಸಿಹಿಯಾಗಿ ಘಮ್ಮಂತಿರತ್ತೆ. ಕೆಂಪು, ಹಳದಿ, ಪಟ್ಟೆ ಪಟ್ಟೆ ಇರೋ ಎಷ್ಟೋ ಹೊಸ ತಳಿಗಳಲ್ಲಿ ಇದು ಹೋಗೇಬಿಟ್ಟಿದೆ, ಬಣ್ಣ ಮತ್ತೆ ಗಾತ್ರದ ಹಿಂದೆ ಹೋದಾಗ ವಾಸನೆ ಯಾರೂ ಕೇಳಲಿಲ್ಲ. ನನಗೆ ಇದು ದೊಡ್ಡ ನಷ್ಟ ಅನ್ಸತ್ತೆ.

ಪಟ್ಟೆ ಅಂದ್ನಲ್ಲ, ಅದರದ್ದೊಂದು ಕಥೆ ಹೇಳ್ಲೇಬೇಕು. 1990ರಲ್ಲಿ ಅಮೆರಿಕದ ವಿಜ್ಞಾನಿಗಳು ಪೆಟೂನಿಯಾದ ನೇರಳೆ ಬಣ್ಣ ಇನ್ನಷ್ಟು ಗಾಢ ಮಾಡೋಣ ಅಂತ ಬಣ್ಣ ತಯಾರಿಸೋ ಜೀನಿನ ಇನ್ನೊಂದು ಪ್ರತಿಯನ್ನ ಗಿಡಕ್ಕೆ ಸೇರಿಸಿದ್ರು. ಬಣ್ಣ ಗಾಢ ಆಗೋ ಬದಲು ಎಷ್ಟೋ ಗಿಡಗಳಲ್ಲಿ ಹೂವು ಬಿಳಿ ಆಯ್ತು, ಕೆಲವು ಬಿಳಿ ನೇರಳೆ ಮಿಶ್ರ. ಸೇರಿಸಿದ ಜೀನು ತಾನೂ ಸುಮ್ಮನಾಗಿ ಗಿಡದ ಸ್ವಂತ ಜೀನನ್ನೂ ಸುಮ್ಮನಾಗಿಸಿತ್ತು. ಅದೇ ವರ್ಷ ನೆದರ್‌ಲೆಂಡ್ಸ್‌ನ ಇನ್ನೊಂದು ತಂಡಕ್ಕೂ ಇದೇ ಕಾಣಿಸ್ತು. ಇದು ಹೇಗಾಗತ್ತೆ ಅನ್ನೋದರ ಎಳೆ ಸಿಕ್ಕಿದ್ದು 1998ರಲ್ಲಿ, ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೋ ಒಂದು ಪುಟ್ಟ ದುಂಡುಹುಳದ ಮೇಲೆ ಮಾಡಿದ ಪ್ರಯೋಗದಲ್ಲಿ, ಎರಡೆಳೆ ಆರ್‌ಎನ್‌ಎ ಜೀನನ್ನ ಸುಮ್ಮನಾಗಿಸತ್ತೆ ಅಂತ. ಅದಕ್ಕೆ ಅವರಿಗೆ 2006ರಲ್ಲಿ ನೊಬೆಲ್ ಬಂತು. ನಮ್ಮ ಮನೆಯ ನಕ್ಷತ್ರದ ಪಟ್ಟೆ ಇರೋ, ಅಂಚು ಬಿಳಿ ಇರೋ ಪೆಟೂನಿಯಾಗಳಲ್ಲಿ ಬಿಳಿ ಭಾಗ ಬರೋದೂ ಇದೇ ಥರ ಬಣ್ಣದ ಜೀನು ಆ ಜಾಗದಲ್ಲಿ ಮಾತ್ರ ಸುಮ್ಮನಾಗೋದ್ರಿಂದ, ಅದೂ ಯಾರೂ ಪ್ರಯೋಗಾಲಯದಲ್ಲಿ ಕೈ ಹಾಕದೇನೇ. ಬೆಳಕು, ತಾಪಮಾನ ಬದಲಾದ್ರೆ ಆ ಬಿಳಿ ಹೆಚ್ಚು ಕಮ್ಮಿ ಆಗತ್ತೆ. ಒಂದೇ ಗಿಡದಲ್ಲಿ ಒಂದು ಹೂವಿನ ನಕ್ಷತ್ರ ಅಗಲ, ಇನ್ನೊಂದರದ್ದು ಸಣ್ಣ ಇದ್ರೆ ಗಿಡಕ್ಕೆ ಏನೋ ರೋಗ ಅಂತ ಹೆದರೋರಿಗೆ ಇದನ್ನ ಹೇಳಿ, ನಿಶ್ಚಿಂತೆಯಾಗಿರ್ತಾರೆ.

ಈಗ ಆಗ್ಲೇ ಬಾಕಿ ಇಟ್ಟ ಮಾತಿಗೆ ಬರ್ತೀನಿ. ಬೀಜ ಕಟ್ಟೋಕೆ ಬಿಡದೇ ಹೂವು ಪಡೆಯೋದು ನನಗೆ ಖುಷಿನೂ ಹೌದು, ಒಳಗೊಂದು ಕಡೆ ಗಿಡಕ್ಕೆ ಋಣ ಇದೆ ಅನ್ನೋ ಭಾವನೆನೂ ಹೌದು. ಹಾಗಾಗಿ ಪ್ರತಿ ಸಲ ಒಂದು ಗಿಡಕ್ಕೆ ಕೈ ಹಾಕಲ್ಲ. ಚೆನ್ನಾಗಿ ಬೆಳೆದ, ಸಂಜೆ ವಾಸನೆ ಇರೋ ಒಂದು ಗಿಡ ಆರಿಸಿ, ಹೂವು ತುಂಬಾ ಬಂದು ಸ್ವಲ್ಪ ದಿನ ಆದ್ಮೇಲೆ ಅದರ ಬಾಡಿದ ಹೂವನ್ನ ಕೀಳೋದು ನಿಲ್ಲಿಸ್ತೀನಿ. ಅದು ನೋಡ್ತಾ ನೋಡ್ತಾ ಹೂವು ಕಮ್ಮಿ ಮಾಡತ್ತೆ, ಕೆಳಗಿನಿಂದ ಹಳದಿ ಆಗ್ತಾ ಬರತ್ತೆ, ತುಂಬಾ ಕಾಯಿ. ಪಕ್ಕದ ಕುಂಡದಲ್ಲಿ ಅದೇ ವಯಸ್ಸಿನ, ದಿನಾ ಕಿತ್ತ ಗಿಡ ಹಸಿರಾಗಿ ಹೂವು ಬಿಡ್ತಾನೇ ಇರತ್ತೆ. ಎರಡನ್ನೂ ಒಟ್ಟಿಗೆ ನೋಡಿದೋರಿಗೆ ನಾನು ಹೇಳಿದ್ದಕ್ಕೆ ಬೇರೆ ಸಾಕ್ಷಿ ಬೇಡ.

ಕಾಯಿ ಕಂದು ಬಣ್ಣಕ್ಕೆ ಬಂದು, ತುದಿ ಬಿರಿಯೋ ಮುಂಚೆ ತೊಟ್ಟು ಸಮೇತ ಕಿತ್ತು ಕಾಗದದ ಕವರಲ್ಲಿ ಹಾಕಿ ಕೆಲವು ದಿನ ಒಣಗಿಸಿ. ಪ್ಲಾಸ್ಟಿಕ್ ಬೇಡ, ತೇವ ನಿಂತು ಬೂಷ್ಟು ಬರತ್ತೆ. ಈ ಬೀಜದಿಂದ ತಾಯಿಗಿಡದ ಥರದ್ದೇ ಬರತ್ತೆ ಅಂತ ಮಾತ್ರ ಕಾಯ್ಬೇಡಿ. ಮಾರೋ ಪೆಟೂನಿಯಾ ಬಹುಪಾಲು ಎಫ್1 ಹೈಬ್ರಿಡ್, ಅಂದ್ರೆ ಎರಡು ಬೇರೆ ಬೇರೆ ತಳಿ ಕೂಡಿಸಿ ಪಡೆದ ಮೊದಲ ತಲೆಮಾರು, ಅದರ ಮಕ್ಕಳಲ್ಲಿ ಗುಣಗಳೆಲ್ಲ ಚೆದುರಿ ಹೋಗತ್ವೆ, ಒಂದು ಎತ್ತರ, ಒಂದು ಕುಳ್ಳು, ಒಂದು ಗುಲಾಬಿ, ಒಂದು ಮಾಸಲು ಬಿಳಿ. ಕೆಲವು ತಲೆಮಾರು ತಾನಾಗೇ ಬೀಜ ಬಿದ್ದು ಹುಟ್ಟಿದ್ರೆ ಹೂವು ಚಿಕ್ಕದಾಗಿ, ಬಿಳಿ ಅಥವಾ ತಿಳಿನೇರಳೆ ಬಣ್ಣಕ್ಕೆ ತಿರುಗತ್ವೆ, ಕಾಡಿನ ಅಜ್ಜ ಅಜ್ಜಿಯರ ಮುಖ ಕಾಣಿಸೋಕೆ ಶುರು ಆಗತ್ತೆ. ಅವುಗಳಲ್ಲಿ ಎಷ್ಟೋ ಗಿಡಕ್ಕೆ ವಾಸನೆ ವಾಪಸ್ ಬಂದಿರತ್ತೆ. ಜನ ಇದನ್ನ ಕೆಟ್ಟುಹೋದ ತಳಿ ಅಂತಾರೆ, ನಾನು ಒಪ್ಪಲ್ಲ. ಆ ತಿಳಿನೇರಳೆ ಹೂವು ಮಳೆಗೂ ಜಗ್ಗಲ್ಲ, ಗೊಬ್ಬರಕ್ಕೂ ಕಾಯಲ್ಲ.

ತಾಯಿಗಿಡದ ಬಣ್ಣ, ಆಕಾರ ಹಾಗೇ ಬೇಕು ಅನ್ನೋರಿಗೆ ಕಡ್ಡಿ ನೆಡೋದೇ ದಾರಿ. ಹೂವು ಮೊಗ್ಗು ಇಲ್ಲದ ಎಳೇ ತುದಿ, ಏಳೆಂಟು ಸೆಂಟಿಮೀಟರ್ ಉದ್ದ, ಗೆಣ್ಣಿನ ಕೆಳಗೆ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಒದ್ದೆ ಕೋಕೋಪೀಟ್ ಮರಳಿನ ಮಿಶ್ರಣದಲ್ಲಿ ನೆರಳಲ್ಲಿಡಿ, ಎರಡು ಮೂರು ವಾರಕ್ಕೆ ಬೇರು ಬರತ್ತೆ. ದೊಡ್ಡ ಕತ್ತರಿ ಹಾಕಿದಾಗ ಸಿಗೋ ತುದಿಗಳೇ ಇದಕ್ಕೆ ಸರಿಯಾಗತ್ವೆ, ಕತ್ತರಿಸಿದ್ದು ದಂಡ ಆಗಲ್ಲ. ಕೆಲವು ತಳಿಗಳಿಗೆ ಹಕ್ಕು ಕಾಯ್ದಿರಿಸಿರತ್ತೆ, ಅಂಥವನ್ನ ಮಾರೋಕೆ ಅಂತ ಹೀಗೆ ಹೆಚ್ಚಿಸೋ ಹಾಗಿಲ್ಲ, ಲೇಬಲ್ ಓದಿ.

ನಾನಂತೂ ಸದ್ಯಕ್ಕೆ ಬೀಜದ ಸಸಿಗಳ ಹಿಂದೆ ಬಿದ್ದಿದೀನಿ. ಟ್ರೇಯಲ್ಲಿ ಹೋದ ಸಲ ಕೈ ಹಾಕದೇ ಬಿಟ್ಟ ಬಿಳಿ ಗಿಡದ ಮಕ್ಕಳು ಎದ್ದಿದಾವೆ, ಕುಡಿ ಚಿವುಟಿ ಆಗಿದೆ, ಕಂಕುಳಲ್ಲಿ ಚಿಗುರು ಕಾಣ್ತಿದೆ. ಹೂವು ಬಂದ್ಮೇಲೆ ಕತ್ತಲಾದಾಗ ಒಂದೊಂದನ್ನೂ ಮೂಸಿ, ವಾಸನೆ ಇರೋ ಗಿಡಕ್ಕೆ ದಾರ ಕಟ್ಟಿ ಗುರುತು ಮಾಡೋದು, ಆ ಗಿಡಗಳನ್ನ ಬೇರೆ ಕಡೆ ಒಟ್ಟಿಗೆ ಇಟ್ಟು ಅವುಗಳಿಂದ ಮಾತ್ರ ಬೀಜ ತೆಗೆಯೋದು, ಉಳಿದವನ್ನ ಎಂದಿನ ಹಾಗೆ ದಿನಾ ಕಿತ್ತು ಹೂವಿಗೆ ಇಟ್ಕೊಳ್ಳೋದು ಅಂತ ಅಂದ್ಕೊಂಡಿದೀನಿ. ನಿಮ್ಮಲ್ಲಿ ಯಾರಾದ್ರೂ ಹೀಗೆ ವಾಸನೆ ನೋಡಿ ಬೀಜ ಆರಿಸ್ತಾ ಬಂದಿದ್ರೆ, ಎಷ್ಟನೇ ತಲೆಮಾರಿಗೆ ಘಮ ಗಟ್ಟಿಯಾಗಿ ನಿಲ್ತು ಅಂತ ನನಗೆ ತಿಳಿಸಿ.